ಗ್ಲಾಸಿನ ಮೇಲು ಕೀಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಬಹಳಷ್ಟು ಕಾರವಾರ, ಕುಮಟಾ, ಸಿರ್ಸಿ ಕಡೆಯವು. ಅವೆಲ್ಲ ಒಂದೇ ಸಂಗತಿಯನ್ನು ಬೇರೆ ಬೇರೆ ದಿಕ್ಕಿನಿಂದ ಮುಟ್ಟುತ್ತವೆ. ಸಣ್ಣ ಪ್ರಮಾಣದಲ್ಲಿ, ರುಚಿಯನ್ನೇ ಮುಖ್ಯವಾಗಿಟ್ಟುಕೊಂಡು ತಯಾರಿಸುವ ಕ್ರಾಫ್ಟ್ ಬಿಯರಿನ ಪರಿಚಯವನ್ನು ಬೆಂಗಳೂರಿನಲ್ಲೋ ಗೋವಾದಲ್ಲೋ ಮಾಡಿಕೊಂಡ ನಮ್ಮ ಜಿಲ್ಲೆಯವರು, ಆ ಬಳಗದೊಳಗಿನ ಪಂಗಡಗಳಿಂದಲೂ, ಒಬ್ಬರು ಇನ್ನೊಬ್ಬರ ಗ್ಲಾಸು ನೋಡಿ ಮೂಗು ಮುರಿಯುವ ಅಭ್ಯಾಸದಿಂದಲೂ ನೊಂದು ಬರೆದಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು, ಉದ್ಯೋಗ ಬೆಂಗಳೂರಿನಲ್ಲಿ. ಅಲ್ಲಿ ಕ್ರಾಫ್ಟ್ ಬಿಯರ್ ಪ್ರಿಯರ ಗುಂಪೊಂದರಲ್ಲಿದ್ದೇನೆ. ಊರಿನಿಂದ ಬಂದಿದ್ದ ನನ್ನ ಶಾಲೆಯ ಗೆಳೆಯನನ್ನು ಅವರ ಕೂಟಕ್ಕೆ ಕರೆದುಕೊಂಡು ಹೋಗಿದ್ದೆ. ಅವನು ಸಾದಾ ಲಾಗರ್, ಅಂದರೆ ಎಲ್ಲೆಡೆ ಸಿಗುವ ತಿಳಿ ಬಿಯರ್, ಕೇಳಿ, ಅದಕ್ಕೆ ಐಸ್ ಹಾಕಿಕೊಡಲು ಹೇಳಿದ. ಮೇಜಿನಲ್ಲಿದ್ದವರೆಲ್ಲ ನಕ್ಕರು. ಅವನು ಅರ್ಧಕ್ಕೇ ಎದ್ದು ಹೋದ. ಲಾಗರ್ ನಿಜಕ್ಕೂ ಕೆಳದರ್ಜೆಯದೇ? ನಾನೇನು ಮಾಡಬೇಕು?

ಉತ್ತರ: ನಕ್ಕವರಿಗೆ ಬಿಯರ್ ತಯಾರಿಕೆಯ ಪರಿಚಯ ಸಾಲದು ಎಂಬುದನ್ನು ಮೊದಲು ಹೇಳಬೇಕು. ಏಲ್ ಬಗೆಯ ಬಿಯರುಗಳು ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವೇ ದಿನಗಳಲ್ಲಿ ಹುದುಗಿ ಬಿಡುತ್ತವೆ. ಲಾಗರಿನ ಯೀಸ್ಟ್ 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ; ಅದಾದ ಮೇಲೆ ಬಿಯರನ್ನು ಶೂನ್ಯದ ಸಮೀಪದ ಚಳಿಯಲ್ಲಿ ವಾರಗಟ್ಟಲೆ ಮಾಗಿಸಬೇಕು. ಅಷ್ಟು ದಿನ ಟ್ಯಾಂಕ್ ಹಿಡಿದಿಟ್ಟುಕೊಳ್ಳುವುದು ಸಣ್ಣ ಬ್ರೂವರಿಗೆ, ಅಂದರೆ ಬಿಯರ್ ತಯಾರಿಸುವ ಘಟಕಕ್ಕೆ, ದುಬಾರಿ, ಆದ್ದರಿಂದಲೇ ಅನೇಕರು ಆ ಗೋಜಿಗೆ ಹೋಗುವುದಿಲ್ಲ. ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂವನ್ನು ಹೇರಳವಾಗಿ ಸುರಿದ ಐಪಿಎಯಲ್ಲಿ (ಇಂಡಿಯಾ ಪೇಲ್ ಏಲ್) ಸಣ್ಣಪುಟ್ಟ ಕುಂದುಗಳು ಆ ಘಮದ ಅಡಿಯಲ್ಲಿ ಅಡಗಬಲ್ಲವು. ಒಳ್ಳೆಯ ಲಾಗರಿನಲ್ಲಿ, ಬರಿಯ ಗಂಜಿಯಲ್ಲಿ ಅಕ್ಕಿಯ ದೋಷ ನಾಲಗೆಗೆ ತಕ್ಷಣ ತಿಳಿಯುವಂತೆ, ಯಾವುದನ್ನೂ ಮುಚ್ಚಿಡಲು ಬರುವುದಿಲ್ಲ. 1842ರಲ್ಲಿ ಬೊಹೆಮಿಯಾದ (ಇಂದಿನ ಜೆಕ್ ದೇಶ) ಪಿಲ್ಸೆನ್ ಪಟ್ಟಣದಲ್ಲಿ ಬವೇರಿಯಾದ ಯೋಸೆಫ್ ಗ್ರೋಲ್ ತಯಾರಿಸಿದ ಹೊಂಬಣ್ಣದ ಲಾಗರ್, 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಬೇರ್ಪಡಿಸಿದ ಶುದ್ಧ ಯೀಸ್ಟ್, ಇವೆರಡೂ ಬಿಯರಿನ ಚರಿತ್ರೆಯ ದೊಡ್ಡ ಸಾಧನೆಗಳು, ಮತ್ತು ಎರಡೂ ಲಾಗರಿನ ಮನೆಯಲ್ಲೇ ಹುಟ್ಟಿದವು.

ಹಾಗಿದ್ದೂ ಈ ತಿರಸ್ಕಾರ ಎಲ್ಲಿಂದ ಬಂತು ಎಂದರೆ, ಅದರ ಹಿಂದೆ ಒಂದು ನ್ಯಾಯವಾದ ಸಿಟ್ಟಿದೆ. ಅಮೆರಿಕದಲ್ಲಿ 1920ರಿಂದ 1933ರವರೆಗಿನ ಪಾನನಿಷೇಧ ಮತ್ತು ಅದರ ನಂತರದ ಕಂಪನಿಗಳ ವಿಲೀನದಿಂದಾಗಿ, 1970ರ ದಶಕದ ಕೊನೆಯ ಹೊತ್ತಿಗೆ ಆ ವಿಶಾಲ ದೇಶದಲ್ಲಿ ನೂರಕ್ಕೂ ಕಡಿಮೆ ಬ್ರೂವರಿಗಳು ಉಳಿದಿದ್ದವು, ಮತ್ತು ಬಹುತೇಕ ಎಲ್ಲರೂ ಒಂದೇ ಬಗೆಯ ತೆಳು ಲಾಗರನ್ನು ಮಾರುತ್ತಿದ್ದರು. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮುಳುಗುತ್ತಿದ್ದ ಆ್ಯಂಕರ್ ಬ್ರೂವರಿಯನ್ನು ಕೊಂಡ ಫ್ರಿಟ್ಜ್ ಮೇಟ್ಯಾಗ್, 1976ರಲ್ಲಿ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಕಟ್ಟಿದ ಜ್ಯಾಕ್ ಮೆಕಾಲಿಫ್ ಮೊದಲಾದವರು ಹೋರಾಡಿದ್ದು ಆ ಏಕತಾನದ ವಿರುದ್ಧ. ಅವರ ಜಗಳ ದೊಡ್ಡ ಕಾರ್ಖಾನೆಗಳ ಜೊತೆಗಿತ್ತು. ಮುಂದಿನ ತಲೆಮಾರಿನ ಕೆಲವರು ಆ ಜಗಳವನ್ನು ಕಾರ್ಖಾನೆಯ ಬಾಗಿಲಿನಿಂದ ಎತ್ತಿ ತಂದು ಪಕ್ಕದ ಕುರ್ಚಿಯಲ್ಲಿ ಕುಳಿತವನ ಮೇಲೆ ಹೊರಿಸಿದರು. ಬ್ರೂವರಿಯನ್ನು ಪ್ರಶ್ನಿಸುವುದು ಗ್ರಾಹಕನ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ. ಕುಡಿಯುವವನನ್ನು ಹೀಯಾಳಿಸಲು ಮಾತ್ರ ಯಾರಿಗೂ ಹಕ್ಕಿಲ್ಲ. ಕೆಳಗಿನ ಉತ್ತರಗಳಲ್ಲೂ ಈ ಗೆರೆಯನ್ನೇ ಹಿಡಿದು ಬರೆದಿದ್ದೇನೆ.

ನಿಮ್ಮ ಗೆಳೆಯನ ರುಚಿ ಗಾಳಿಯಲ್ಲಿ ರೂಪುಗೊಂಡದ್ದಲ್ಲ. ಭಾರತದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಸ್ಟ್ರಾಂಗ್ ಬಿಯರ್. ನಮ್ಮ ಹಲವು ರಾಜ್ಯಗಳ ತೆರಿಗೆ ಪದ್ಧತಿಯಲ್ಲಿ ಕಡಿಮೆ ಅಮಲಿನ ಬಿಯರಿಗೆ ಹೇಳಿಕೊಳ್ಳುವಂಥ ರಿಯಾಯಿತಿ ಸಿಗದ ಕಾರಣ, ಲೆಕ್ಕ ಹಾಕಿ ಖರ್ಚು ಮಾಡುವವನು ಅದೇ ದುಡ್ಡಿಗೆ ಹೆಚ್ಚು ಅಮಲಿರುವುದನ್ನು ಆರಿಸಿದ. ಕಾರವಾರದ ಬಾರುಗಳಲ್ಲಿ ಸಿಗುವುದೂ ಅದೇ 650 ಮಿಲಿಲೀಟರಿನ ಬಾಟಲಿ. ಬೆಂಗಳೂರಿನ ಮೈಕ್ರೊಬ್ರೂವರಿಯಲ್ಲಿ ಒಂದು ಸಂಜೆಗೆ ಆಗುವ ಬಿಲ್ಲು ಎಷ್ಟೋ ಮನೆಗಳಲ್ಲಿ ವಾರದ ಸಂತೆಯ ಖರ್ಚಿಗೆ ಸಮ. ಅಲ್ಲಿ ಬೆಳೆದ ನಾಲಗೆ ಇಲ್ಲಿ ಬೆಳೆದ ನಾಲಗೆಯನ್ನು ನೋಡಿ ನಗುವಾಗ ಅದರಲ್ಲಿ ಸಂಬಳದ ಅಂತರವೂ ಇರುತ್ತದೆ. ಐಸ್ ಹಾಕಿದರೆ ಬಿಯರ್ ತೆಳುವಾಗುತ್ತದೆ, ಅತಿ ತಂಪಿನಲ್ಲಿ ಪರಿಮಳ ಮಂದವಾಗುತ್ತದೆ ಎಂಬುದು ನಿಜ. ಕೇಳಿದರೆ ಹೇಳಬಹುದಾದ ಮಾಹಿತಿ ಅದು. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ ಬೆಳೆದವನು ಗ್ಲಾಸಿಗೆ ಐಸ್ ಹಾಕಿಕೊಳ್ಳುವುದರಲ್ಲಿ ನಗಲು ಏನೂ ಇಲ್ಲ.

ಮಾಡಬೇಕಾದದ್ದು ಎರಡು. ಗೆಳೆಯನ ಮನೆಗೆ ಹೋಗಿ, ಅಂದು ಅವನ ಪರವಾಗಿ ಮಾತಾಡದೆ ಇದ್ದುದಕ್ಕೆ ಕ್ಷಮೆ ಕೇಳಿ, ಫೋನಿನಲ್ಲಿ ಬೇಡ. ಮುಂದಿನ ಕೂಟದಲ್ಲಿ ನಡೆದದ್ದು ತಪ್ಪೆಂದು ಗುಂಪಿನ ಎಲ್ಲರೆದುರು ಹೇಳಿ. ಅದರಿಂದ ಗುಂಪು ಒಡೆಯುವುದಾದರೆ ಒಡೆಯಲಿ.

ಪ್ರಶ್ನೆ: ಬಿಯರಿನ ಐಬಿಯು ಹೆಚ್ಚಿದ್ದಷ್ಟೂ ಅದನ್ನು ಕುಡಿಯುವವರು ಹೆಚ್ಚು ಬಲ್ಲವರು ಎಂದು ನಮ್ಮ ಕಾಲೇಜಿನ ಹಳೆಯ ಗೆಳೆಯರು ವಾದಿಸುತ್ತಾರೆ. ಮಂಜಿನಂತಿರುವ ಐಪಿಎ ಕುಡಿದರೆ ಅದು ಬಿಯರೇ ಅಲ್ಲ ಎನ್ನುತ್ತಾರೆ. (ದಾಂಡೇಲಿ)

ಉತ್ತರ: ಒಂದು ಲೀಟರ್ ಬಿಯರಿನಲ್ಲಿ ಹಾಪ್ಸಿನಿಂದ ಬಂದ, ಐಸೊ ಆಲ್ಫಾ ಆಮ್ಲವೆಂಬ ಕಹಿ ಅಂಶ ಸುಮಾರು ಎಷ್ಟು ಮಿಲಿಗ್ರಾಂ ಇದೆ ಎಂಬುದೇ ಐಬಿಯು. ಅದು ಪ್ರಯೋಗಾಲಯದ ಅಳತೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿ ಹೆಚ್ಚಿದ್ದರೆ 60 ಐಬಿಯು ಇರುವ ಬಿಯರ್, 35 ಇರುವ ತೆಳು ಬಿಯರಿಗಿಂತ ನಾಲಗೆಗೆ ಕಡಿಮೆ ಕಹಿ ಎನಿಸಬಹುದು. ಅದರಿಂದ ಕುಡಿಯುವವನ ಯೋಗ್ಯತೆಯನ್ನು ಅಳೆಯಲು ಬಾರದು. ಮಸುಕಾದ ಐಪಿಎ ಅಮೆರಿಕದ ಈಶಾನ್ಯದ ವರ್ಮಾಂಟ್ ಸುತ್ತಮುತ್ತ ಬೆಳೆದ ಬಗೆ. ಅಲ್ಲಿನ ಬ್ರೂವರ್ಸ್ ಅಸೋಸಿಯೇಷನ್ 2018ರಲ್ಲಿ ಅದನ್ನು ತನ್ನ ಅಧಿಕೃತ ಬಗೆಗಳ ಪಟ್ಟಿಗೆ ಸೇರಿಸಿದೆ. ಗೆಳೆಯರಿಗೆ ಅದು ಹಿಡಿಸದಿದ್ದರೆ ಬೇರೆಯದನ್ನು ಕುಡಿಯಲಿ.

ಪ್ರಶ್ನೆ: ಸಿರ್ಸಿಯಿಂದ ಬರೆಯುತ್ತಿದ್ದೇನೆ. ವಿದೇಶದಲ್ಲಿ ಓದುತ್ತಿದ್ದಾಗ ನಾನು ಮೆಚ್ಚಿದ್ದ ಸಣ್ಣ ಬ್ರೂವರಿಯನ್ನು ದೊಡ್ಡ ಕಂಪನಿ ಕೊಂಡುಕೊಂಡಿತು. ಅದನ್ನು ಈಗಲೂ ಕುಡಿಯುವವರು ದ್ರೋಹಿಗಳು ಎಂದು ಗೆಳೆಯರ ವಾದ. ಕ್ರಾಫ್ಟ್ ಎಂಬುದಕ್ಕೆ ನಿಜವಾದ ಲಕ್ಷಣವಾದರೂ ಇದೆಯೇ?

ಉತ್ತರ: ಇದೆ, ಆದರೆ ಅದು ಸಂಘವೊಂದು ತನ್ನ ಸದಸ್ಯರಿಗಾಗಿ ಹಾಕಿಕೊಂಡ ಗೆರೆ, ಮತ್ತು ಆ ಗೆರೆ ಹಲವು ಸಲ ಸರಿದಿದೆ. ಮೇಲೆ ಹೇಳಿದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಾರ ಕ್ರಾಫ್ಟ್ ಬ್ರೂವರಿ ಸಣ್ಣದಿರಬೇಕು, ಸ್ವತಂತ್ರವಾಗಿರಬೇಕು. ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಗೆ ಅದರಲ್ಲಿ ಶೇಕಡಾ 25ಕ್ಕಿಂತ ಕಡಿಮೆ ಪಾಲಿರಬೇಕು. ಸಣ್ಣದೆಂದರೆ ವರ್ಷಕ್ಕೆ 20 ಲಕ್ಷ ಬ್ಯಾರೆಲ್ ಎಂದಿದ್ದುದನ್ನು 2010ರ ಕೊನೆಯಲ್ಲಿ 60 ಲಕ್ಷಕ್ಕೆ ಏರಿಸಲಾಯಿತು. ಸ್ಯಾಮ್ಯುಯೆಲ್ ಆಡಮ್ಸ್ ತಯಾರಿಸುವ ಬಾಸ್ಟನ್ ಬಿಯರ್ ಕಂಪನಿ ಹಳೆಯ ಮಿತಿಯನ್ನು ಮುಟ್ಟುವ ಹಂತದಲ್ಲಿದ್ದ ಹೊತ್ತು ಅದು. ಅಲ್ಲಿನ ಒಂದು ಬ್ಯಾರೆಲ್ ಎಂದರೆ ಸುಮಾರು 117 ಲೀಟರ್. ಮೊದಲು ಮೆಕ್ಕೆಜೋಳ, ಅಕ್ಕಿ ಬೆರೆಸುವವರನ್ನು ಹೊರಗಿಡುತ್ತಿದ್ದ ನಿಯಮವನ್ನು 2014ರಲ್ಲಿ ಸಡಿಲಿಸಲಾಯಿತು. ಮೆಕ್ಕೆಜೋಳ ಬೆರೆಸುವ ಹಳೆಯ ಬ್ರೂವರಿಗಳನ್ನು ವರ್ಷಗಟ್ಟಲೆ ಕೀಳಾಗಿ ಕಂಡವರು, ಒಂದು ತಿದ್ದುಪಡಿಯ ಮರುದಿನ ಅವರನ್ನು ತಮ್ಮವರೆಂದು ಕರೆಯಬೇಕಾಯಿತು.

ಮಾಲೀಕತ್ವದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2011ರಲ್ಲಿ ಆನ್‌ಹೈಸರ್ ಬುಶ್ ಇನ್‌ಬೆವ್ ಎಂಬ ದೈತ್ಯ ಬಿಯರ್ ಕಂಪನಿ ಷಿಕಾಗೊದ ಗೂಸ್ ಐಲೆಂಡ್ ಬ್ರೂವರಿಯನ್ನು 3.88 ಕೋಟಿ ಡಾಲರಿಗೆ ಕೊಂಡಿತು. 2015ರಲ್ಲಿ ಬ್ಯಾಲಸ್ಟ್ ಪಾಯಿಂಟ್ ಬ್ರೂವರಿ 100 ಕೋಟಿ ಡಾಲರಿಗೆ ಕಾನ್ಸ್‌ಟೆಲೇಷನ್ ಎಂಬ ಮದ್ಯ ಕಂಪನಿಯ ಪಾಲಾಯಿತು, 2019ರ ಕೊನೆಯಲ್ಲಿ ಮತ್ತೆ ಮಾರಾಟವಾಯಿತು. ಅದೇ 2015ರ ಫೆಬ್ರುವರಿಯಲ್ಲಿ ಬಡ್‌ವೈಸರ್ ತನ್ನ ದೊಡ್ಡ ಜಾಹೀರಾತಿನಲ್ಲಿ ಕುಂಬಳ ಮತ್ತು ಪೀಚ್ ಹಣ್ಣಿನ ಏಲ್ ಕುಡಿಯುವವರನ್ನು ಗೇಲಿ ಮಾಡಿತು. ಅದರ ಒಡೆಯ, ಅದೇ ಆನ್‌ಹೈಸರ್ ಬುಶ್ ಇನ್‌ಬೆವ್ ಕಂಪನಿ, ಕೆಲವೇ ದಿನಗಳ ಹಿಂದೆ ಖರೀದಿಯನ್ನು ಘೋಷಿಸಿದ್ದ ಸಿಯಾಟಲಿನ ಇಲಿಸಿಯನ್ ಬ್ರೂವರಿ ಅಂಥದೇ ಒಂದು ಏಲನ್ನು ತಯಾರಿಸಿತ್ತು. ಅಂದರೆ ಈ ಒಳಜಗಳದಿಂದ ಲಾಭ ಪಡೆಯಲು ದೊಡ್ಡ ಕಂಪನಿಗಳು ಎರಡೂ ಕಡೆ ನಿಂತಿರುತ್ತವೆ. ವಿತರಣೆಯ ಜಾಲ, ಅಂಗಡಿಯ ಕಪಾಟು, ಬಾರಿನ ನಲ್ಲಿ, ಇವು ಯಾರ ಕೈಯಲ್ಲಿವೆ ಎಂಬುದರ ಮೇಲೆ ನಾಳೆಯ ಸಣ್ಣ ಬ್ರೂವರಿಯ ಬದುಕು ನಿಂತಿದೆ. ಆದ್ದರಿಂದ ಲೇಬಲ್ಲಿನ ಮೇಲೆ ಒಡೆಯನ ಹೆಸರು ಸ್ಪಷ್ಟವಾಗಿರಲಿ ಎಂದು ಒತ್ತಾಯಿಸಿ, ನಿಮ್ಮ ದುಡ್ಡು ಎಲ್ಲಿಗೆ ಹೋಗಬೇಕೆಂದು ನೀವೇ ತೀರ್ಮಾನಿಸಿ. ಕಂಪನಿಯ ಕಾಗದ ಕೈ ಬದಲಾದ ರಾತ್ರಿ ಪೀಪಾಯಿಯಲ್ಲಿದ್ದ ಬಿಯರಿನ ರುಚಿ ಬದಲಾಗಿರುವುದಿಲ್ಲ. ಅದನ್ನು ಮೆಚ್ಚಿ ಕುಡಿಯುವವನು ದ್ರೋಹಿಯೂ ಅಲ್ಲ.

ಬ್ರಿಟನ್ನಿನ ಅನುಭವವನ್ನೂ ನೋಡಿ. ಒತ್ತಡದ ಅನಿಲ ತುಂಬಿದ ಕೆಗ್ (ಲೋಹದ ಪೀಪಾಯಿ) ಬಿಯರಿನ ಹಾವಳಿಯಿಂದ ಪೀಪಾಯಿಯಲ್ಲೇ ಮಾಗುವ ಏಲನ್ನು ಉಳಿಸಲು 1971ರಲ್ಲಿ ಹುಟ್ಟಿದ ಕ್ಯಾಮ್ರಾ ಸಂಘಟನೆಯ ಸಾಧನೆ ದೊಡ್ಡದು, ಅದಿಲ್ಲದಿದ್ದರೆ ಆ ಪರಂಪರೆಯೇ ಅಳಿಯುತ್ತಿತ್ತೇನೋ. ಆದರೆ ಹೊಸ ತಲೆಮಾರಿನ ಸಣ್ಣ ಬ್ರೂವರಿಗಳು ಕೆಗ್ಗಿನಲ್ಲೇ ಅತ್ಯುತ್ತಮ ಬಿಯರ್ ಕೊಡಲು ತೊಡಗಿದಾಗ, ಅವನ್ನೂ ಒಳಗೊಳ್ಳುವಂತೆ ಧ್ಯೇಯವನ್ನು ವಿಸ್ತರಿಸುವ ಮುಖ್ಯ ನಿರ್ಣಯ 2018ರಲ್ಲಿ ಬಿದ್ದುಹೋಯಿತು: ಬೇಕಿದ್ದುದು ಶೇಕಡಾ 75, ಬಂದದ್ದು 72.6. ಬೀಗ ಸರಿಯಾದ ಕಾರಣಕ್ಕೇ ಹಾಕಿದ್ದು. ತೆಗೆಯುವ ಹೊತ್ತು ಬಂದಾಗ ಕೈ ಬರಲಿಲ್ಲ.

ಪ್ರಶ್ನೆ: ನಾನು ಕುಮಟಾದವಳು, ಗೋವಾದಲ್ಲಿ ಬ್ಯಾಂಕ್ ಉದ್ಯೋಗಿ. ಗಂಡನ ಜೊತೆ ಹೋದಾಗ ನಾನು ಸ್ಟೌಟ್ ಎಂಬ ಕಪ್ಪು, ಕಹಿ ಬಿಯರ್ ಹೇಳಿದರೂ ಅದನ್ನು ಅವರ ಮುಂದಿಟ್ಟು, ನನ್ನ ಮುಂದೆ ಹಣ್ಣಿನ ಬಿಯರ್ ಇಡುತ್ತಾರೆ. ಬಿಯರ್ ಪ್ರಿಯರ ಕೂಟದಲ್ಲಿ ಗೋಧಿ ಬಿಯರನ್ನು ಹೆಂಗಸರ ಬಿಯರ್ ಎಂದು ಕರೆಯುತ್ತಾರೆ.

ಉತ್ತರ: ತಂಗಿ, ನಿಮಗೆ ಸಿಟ್ಟು ಬಂದಿರುವುದು ಸಹಜ. ಯುರೋಪಿನಲ್ಲಿ ಬಿಯರ್ ವ್ಯಾಪಾರವಾಗಿ ಬೆಳೆಯುವ ಮುನ್ನ ಅದು ಬಹುಕಾಲ ಮನೆಯ ಹೆಂಗಸರ ಕೆಲಸವಾಗಿತ್ತು. ಹಾಪ್ಸಿನ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆ ಎಂದು 12ನೆಯ ಶತಮಾನದಲ್ಲೇ ಬರೆದಿಟ್ಟವರು ಜರ್ಮನಿಯ ಸನ್ಯಾಸಿನಿ ಬಿಂಗೆನ್ನಿನ ಹಿಲ್ಡೆಗಾರ್ಡ್. ಹಣ್ಣಿನ ಬಿಯರಿನ ಮಾತು ಬಂದರೆ, ಹುಳಿ ಚೆರ್ರಿಯಲ್ಲಿ ಮಾಗಿಸಿದ ಬೆಲ್ಜಿಯಮ್ಮಿನ ಕ್ರೀಕ್ ಬಾಟಲಿಗಾಗಿ ದೊಡ್ಡ ದೊಡ್ಡ ಸಂಗ್ರಾಹಕರು ಮುಗಿಬೀಳುತ್ತಾರೆ. ಬೆಲ್ಜಿಯಮ್ಮಿನ ಗೋಧಿ ಬಿಯರ್ ಪೂರ್ತಿ ನಿಂತುಹೋಗಿದ್ದಾಗ, 1960ರ ದಶಕದಲ್ಲಿ ಹೂಗಾರ್ಡನ್ ಹಳ್ಳಿಯಲ್ಲಿ ಅದಕ್ಕೆ ಮರುಜೀವ ಕೊಟ್ಟ ಪಿಯರ್ ಸೆಲಿಸ್ ಒಬ್ಬ ಹಾಲು ಮಾರುವವರಾಗಿದ್ದರು. ಬಿಯರಿಗೆ ಗಂಡು ಹೆಣ್ಣೆಂಬುದು ಮಾರಾಟದವರು ಅಂಟಿಸಿದ ಚೀಟಿ.

ಆದರೆ ವಿಷಯ ಗ್ಲಾಸು ಅದಲು ಬದಲಾಗುವುದಕ್ಕೆ ಮುಗಿಯುವುದಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಸೇಲಂ ನಗರದ ನಾಚ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ಬ್ರಿಯೆನ್ ಆಲನ್, ಈ ಉದ್ಯಮದಲ್ಲಿ ಹೆಂಗಸರು ಅನುಭವಿಸಿದ ತಾರತಮ್ಯದ ಬಗ್ಗೆ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪ್ರಶ್ನೆ ಕೇಳಿದ್ದೇ ತಡ, ಅವಮಾನ, ಕಿರುಕುಳ, ದೌರ್ಜನ್ಯಗಳ ದೂರುಗಳು ರಾಶಿ ರಾಶಿಯಾಗಿ ಬಂದವು, ಹೆಸರಾಂತ ಬ್ರೂವರಿಗಳ ಮುಖ್ಯಸ್ಥರು ಸ್ಥಾನ ಬಿಡಬೇಕಾಯಿತು. ಮೇಜಿನ ಮೇಲೆ ಹುಡುಗಾಟದಂತೆ ಕಾಣುವ ಮಾತಿಗೂ ತಯಾರಿಕೆಯ ಕೋಣೆಯಲ್ಲಿ ನಡೆಯುವುದಕ್ಕೂ ಸಂಬಂಧವಿದೆ. ಪರಿಚಾರಕರಿಗೆ ಪ್ರತಿ ಸಲವೂ ಸೌಜನ್ಯದಿಂದ ತಿದ್ದಿ ಹೇಳಿ. ಕೂಟದವರಿಗೆ ಅಷ್ಟು ಸೌಜನ್ಯ ಬೇಕಿಲ್ಲ; ಅವರು ತಿಳಿದೂ ಆಡುತ್ತಿರುವ ಮಾತು ಅದು. ನಿಮ್ಮ ಪತಿ ತಮ್ಮ ಮುಂದಿಟ್ಟ ಸ್ಟೌಟನ್ನು ತಾವೇ ಎತ್ತಿ ನಿಮ್ಮ ಕಡೆ ಸರಿಸಿ, ಇದು ಇವರು ಹೇಳಿದ್ದು ಎಂದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಂಕೋಲೆಯವನು ನಾನು. ನನ್ನ ಚಿಕ್ಕಪ್ಪನ ಮಗ ಮುರುಗಲು ಹಣ್ಣು ಮತ್ತು ಸಾಣಿಕಟ್ಟೆಯ ಉಪ್ಪು ಸೇರಿಸಿ ಬಿಯರ್ ಮಾಡುವ ಕನಸು ಕಾಣುತ್ತಿದ್ದಾನೆ. ಜರ್ಮನಿಯ 1516ರ ಶುದ್ಧತೆಯ ಕಾನೂನಿನ ಪ್ರಕಾರ ಅದು ಬಿಯರೇ ಅಲ್ಲವೆಂದು ಬಲ್ಲವರೊಬ್ಬರು ಬೈದರು.

ಉತ್ತರ: ಆ ಕಾನೂನು ಬವೇರಿಯಾ ಎಂಬ ಒಂದು ಸಂಸ್ಥಾನದ್ದು. 1516ರ ಏಪ್ರಿಲ್ 23ರಂದು ಇಂಗೊಲ್‌ಸ್ಟಾಟ್‌ನಲ್ಲಿ ಹೊರಟ ಆ ಆಜ್ಞೆ ನೀರು, ಬಾರ್ಲಿ, ಹಾಪ್ಸ್ ಈ ಮೂರನ್ನು ಮಾತ್ರ ಹೇಳುತ್ತದೆ. ಬಿಯರನ್ನು ಬಿಯರಾಗಿಸುವ ಯೀಸ್ಟಿನ ಹೆಸರು ಅದರಲ್ಲಿಲ್ಲ. ಅದರ ಬಹುಭಾಗ ಬಿಯರಿನ ಬೆಲೆ ಕಟ್ಟುವುದಕ್ಕೆ ಸಂಬಂಧಿಸಿದ್ದು, ಮತ್ತು ಗೋಧಿಯನ್ನು ರೊಟ್ಟಿಗಾಗಿ ಉಳಿಸುವುದೂ ಅದರ ಉದ್ದೇಶಗಳಲ್ಲಿ ಒಂದೆಂದು ಇತಿಹಾಸಕಾರರು ಹೇಳುತ್ತಾರೆ. ಮುಂದೆ ಅದೇ ಬವೇರಿಯಾದ ಅರಸರು ಗೋಧಿ ಬಿಯರಿನ ಹಕ್ಕನ್ನು ತಮ್ಮ ಕೈಯಲ್ಲಿಟ್ಟುಕೊಂಡು ಹಣ ಮಾಡಿದರು. ಜರ್ಮನಿಯದೇ ಇನ್ನೊಂದು ಭಾಗದಲ್ಲಿ, ಗೋಸ್ಲಾರ್ ಮತ್ತು ಲೈಪ್ಸಿಗ್ ನಗರಗಳಲ್ಲಿ, ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕಿದ ಗೋಸೆ ಎಂಬ ಹುಳಿ ಬಿಯರ್ ಶತಮಾನಗಳಿಂದ ಇದೆ. ಹೀಗಾಗಿ ಹುಳಿ ಮತ್ತು ಉಪ್ಪಿನ ಬಿಯರಿಗೆ ನಿಮ್ಮ ತಮ್ಮ ಜರ್ಮನರ ಅಪ್ಪಣೆ ಕೇಳಬೇಕಾಗಿಲ್ಲ. ನನಗಂತೂ ಆ ಕಲ್ಪನೆ ಬಹಳ ಹಿಡಿಸಿತು. ಗೋಕರ್ಣದ ಮಗ್ಗುಲಿನ ಗದ್ದೆಯಲ್ಲಿ ಬಿಸಿಲಿಗೆ ಒಣಗಿದ ಉಪ್ಪು, ಘಟ್ಟದಂಚಿನ ಮುರುಗಲಿನ ಹುಳಿ ಮತ್ತು ಕೆಂಪು, ಇವೆರಡೂ ಗೋಸೆಯ ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತವೆ.

ಎರಡು ಎಚ್ಚರಿಕೆಗಳು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಯಲ್ಲಿ ಮಾಡುವ ಬಿಯರಿಗೂ ಅದು ಅನ್ವಯಿಸುತ್ತದೆ. ಅಮೆರಿಕದಲ್ಲಿ 1978ರ ಕಾನೂನು ಮನೆಯ ಬಿಯರಿಗೆ ಕೊಟ್ಟ ವಿನಾಯಿತಿಯನ್ನು ನೆನೆದು ಇಲ್ಲಿ ಪೀಪಾಯಿ ಹೂಡಬಾರದು. ಪರವಾನಗಿ ಇರುವ ಬ್ರೂವರಿಯೊಂದರ ಜೊತೆಗೂಡಿ ಮಾಡಲಿ. ಇನ್ನೊಂದು, ಉಪ್ಪನ್ನು ಬಾಯಿಗೆ ತಿಳಿದೂ ತಿಳಿಯದಷ್ಟೇ ಹಾಕಬೇಕು. ಮುರುಗಲನ್ನು ಕುದಿಯುವ ಹಂತದಲ್ಲಿ ಹಾಕುವ ಬದಲು ಹುದುಗಿದ ಮೇಲೆ ಸೇರಿಸಿದರೆ ಅದರ ಪರಿಮಳ ಹೆಚ್ಚು ಉಳಿಯುತ್ತದೆ. ಲೇಬಲ್ಲಿನ ಮೇಲೆ ಊರಿನ ಹೆಸರು ಬರೆಯುವವರು ಆ ಊರಿನ ಕೊಯ್ಲಿನವರಿಗೆ ನ್ಯಾಯವಾದ ಬೆಲೆ ಕೊಡಬೇಕೆಂಬುದನ್ನೂ ಅವನು ಈಗಲೇ ಲೆಕ್ಕಕ್ಕೆ ಹಿಡಿಯಲಿ.

ಪ್ರಶ್ನೆ: ಗೋವಾದ ಅಪರೂಪದ ಕ್ಯಾನುಗಳನ್ನು ಮಾಜಾಳಿ ದಾಟಿಸಿ ತಂದವನಿಗೇ ನಮ್ಮ ಗುಂಪಿನಲ್ಲಿ ಮರ್ಯಾದೆ. ನಾನೂ ತರಲೇ? (ಕಾರವಾರ)

ಉತ್ತರ: ಬೇಡ. ಗೋವಾದಲ್ಲಿ ಮಾರಲೆಂದು ತೆರಿಗೆ ಕಟ್ಟಿದ ಮದ್ಯವನ್ನು ಅನುಮತಿ ಇಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧ, ಮಾಜಾಳಿಯ ತಪಾಸಣಾ ಠಾಣೆ ಇರುವುದು ಅದಕ್ಕಾಗಿಯೇ. ಹಾಪ್ಸಿನ ಘಮವಿರುವ ಬಿಯರ್ ಕಾರಿನ ಡಿಕ್ಕಿಯ ಬಿಸಿಯಲ್ಲಿ ಬೇಗ ಸೊರಗುತ್ತದೆ, ಹಾಗಾಗಿ ಅಷ್ಟು ಪಾಡುಪಟ್ಟು ತಂದದ್ದು ತಯಾರಾದ ಜಾಗದ ರುಚಿಯಲ್ಲಿ ಉಳಿದಿರುವುದಿಲ್ಲ. ಗೋವಾದ ಕಾಣಕೋಣದ ಕಡೆಗೆ ಹೋಗಿ ಅಲ್ಲೇ ಕುಡಿದು, ವಾಹನ ಚಲಾಯಿಸದೆ ರೈಲಿನಲ್ಲಿ ಮರಳಿ.

ಪ್ರಶ್ನೆ: ಹೊನ್ನಾವರದವನು. ನನ್ನ ಅಜ್ಜ ತೆಂಗಿನ ಮರದಿಂದ ಕಳ್ಳು ಇಳಿಸುತ್ತಿದ್ದರು. ಶಾಲೆಯಲ್ಲಿ ಅದನ್ನು ಹೇಳಿಕೊಳ್ಳಲು ಅಪ್ಪನಿಗೆ ನಾಚಿಕೆಯಾಗುತ್ತಿತ್ತಂತೆ. ನಾನೀಗ ದೊಡ್ಡ ಹೋಟೆಲೊಂದರ ಬಾರಿನಲ್ಲಿ ಕೆಲಸದಲ್ಲಿದ್ದೇನೆ. ಕಾಡು ಯೀಸ್ಟಿನ ಬೆಲ್ಜಿಯನ್ ಬಿಯರಿಗೆ ಸಾವಿರಾರು ರೂಪಾಯಿ ಕೊಟ್ಟು ಹೊಗಳುವ ಅತಿಥಿಗಳು ಕಳ್ಳಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಎರಡರ ನಡುವೆ ಏನು ವ್ಯತ್ಯಾಸ?

ಉತ್ತರ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು. ನಿಮ್ಮ ಅತಿಥಿಗಳು ಹೊಗಳುವ ಲ್ಯಾಂಬಿಕ್ ತಯಾರಾಗುವುದು ಬ್ರಸೆಲ್ಸ್ ನಗರ ಮತ್ತು ಅದರ ಸುತ್ತಲಿನ ಸೆನ್ ನದಿಯ ಸೀಮೆಯಲ್ಲಿ. ಅಲ್ಲಿ ಚಳಿಗಾಲದ ರಾತ್ರಿ, ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ಹರಡಿ ಬಿಡುತ್ತಾರೆ. ಗಾಳಿಯಲ್ಲಿರುವ ಮತ್ತು ಹಳೆಯ ಮರದ ಪೀಪಾಯಿಗಳಲ್ಲಿ ನೆಲೆಸಿರುವ ಯೀಸ್ಟು, ಬ್ಯಾಕ್ಟೀರಿಯಗಳೇ ಅದನ್ನು ಹುದುಗಿಸುತ್ತವೆ. ಅದು ಒಂದರಿಂದ ಮೂರು ವರ್ಷ ಮಾಗುತ್ತದೆ. ಅದಕ್ಕೆ ಕೊಟ್ಟಿಗೆಯ ವಾಸನೆಯನ್ನು ನೆನಪಿಸುವ ಗುಣ ಕೊಡುವ ಬ್ರೆಟನೊಮೈಸಿಸ್ ಎಂಬ ಯೀಸ್ಟಿಗೆ 1904ರಲ್ಲಿ ಹೆಸರಿಟ್ಟದ್ದು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ವಿಜ್ಞಾನಿ ಕ್ಲಾಸನ್. ಇನ್ನು ಕಳ್ಳು. ಹೊಂಬಾಳೆಯನ್ನು ಕಟ್ಟಿ, ಹದವಾಗಿ ತಟ್ಟಿ, ತುದಿಯನ್ನು ದಿನವೂ ತೆಳುವಾಗಿ ಕೊಯ್ದು, ಇಳಿಯುವ ರಸವನ್ನು ಮಡಕೆಯಲ್ಲಿ ಹಿಡಿದರೆ, ಅದೂ ಗಾಳಿಯ ಮತ್ತು ಮಡಕೆಯ ಯೀಸ್ಟಿನಿಂದಲೇ ಗಂಟೆಗಳೊಳಗೆ ಹುದುಗುತ್ತದೆ. ಮರುದಿನಕ್ಕೆ ಹುಳಿಯಾಗುತ್ತದೆ, ಮುಂದೆ ವಿನೆಗರ್ ಆಗುತ್ತದೆ. ಒಂದು ಧಾನ್ಯದ್ದು, ಇನ್ನೊಂದು ಮರದ ರಸದ್ದು. ಒಂದು ವರ್ಷಗಟ್ಟಲೆ ಕಾಯುತ್ತದೆ, ಇನ್ನೊಂದು ಒಂದು ದಿನ ಕಾಯುವುದಿಲ್ಲ. ಯೀಸ್ಟನ್ನು ಹೊರಗಿನಿಂದ ಹಾಕದೆ ಪ್ರಕೃತಿಗೆ ಬಿಡುವುದರಲ್ಲಿ ಎರಡೂ ಒಂದೇ. ಮೂವತ್ತು ನಲವತ್ತು ಅಡಿ ಮೇಲೆ ನಿಂತು, ಕತ್ತಿಯ ಒಂದು ಗೀರಿನಲ್ಲಿ ಹೊಂಬಾಳೆ ಕೆಡದಂತೆ ಕೊಯ್ಯುವ ಕೈಯ ವಿದ್ಯೆ ಬ್ರಸೆಲ್ಸಿನ ಯಾವ ಕುಶಲಿಗನ ವಿದ್ಯೆಗೂ ಕಡಿಮೆಯಲ್ಲ.

ಹಾಗಾದರೆ ಮುಖ ಸಿಂಡರಿಸುವುದು ಏತಕ್ಕೆ? ಜಾತಿಗೆ. ಇದನ್ನು ಮೆತ್ತಗೆ ಹೇಳುವುದರಿಂದ ನಿಮ್ಮ ಅಪ್ಪನಿಗೆ ಆದ ಅನ್ಯಾಯ ಕಡಿಮೆಯಾಗುವುದಿಲ್ಲ. ಕಳ್ಳು ಇಳಿಸುವ ಕೈ ಯಾವ ಮನೆಯದು, ಅದನ್ನು ಕುಡಿಯುವವನು ಯಾವ ಕೂಲಿಯವನು ಎಂಬುದರ ಮೇಲೆ ನಮ್ಮ ಸಮಾಜ ಆ ಪಾನೀಯಕ್ಕೆ ಬೆಲೆ ಕಟ್ಟಿತು, ಮತ್ತು ಅದೇ ಕಣ್ಣು ಈಗ ವಿದೇಶದ ಲೇಬಲ್ಲಿನ ಮುಂದೆ ಬಗ್ಗಿ ನಿಲ್ಲುತ್ತಿದೆ. ಕ್ರಾಫ್ಟ್ ಬಿಯರಿನ ಬಳಗ ತನ್ನನ್ನು ಕೈಕಸುಬಿನ ಗೌರವಕ್ಕಾಗಿ ಹುಟ್ಟಿದ ಬಳಗವೆಂದು ಹೇಳಿಕೊಳ್ಳುತ್ತದೆ. ಆ ಮಾತು ನಿಜವಾಗಬೇಕಾದರೆ ನಮ್ಮ ಕರಾವಳಿಯಲ್ಲಿ ಅದು ಮೊದಲು ಗೌರವ ಸಲ್ಲಿಸಬೇಕಾದದ್ದು ನಿಮ್ಮ ಅಜ್ಜನಂಥವರಿಗೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಒಂದು ಕಾಲಕ್ಕೆ ಬಡವರ ಕುಡಿತವೆಂದು ದೂರವಿಟ್ಟಿದ್ದ ಪಾನೀಯ ಇಂದು ಅಲ್ಲಿನ ದೊಡ್ಡ ಬಾರುಗಳಲ್ಲಿದೆ. ಕುಡಿತದಿಂದ ಮನೆಗಳು ಹಾಳಾಗಿರುವುದನ್ನು ನಾನು ಮರೆತಿಲ್ಲ, ಆ ಹಾಳು ಬಾಟಲಿಯ ಬೆಲೆ ನೋಡಿ ಬರುವುದೂ ಇಲ್ಲ.

ಮುಂದಿನ ಸಲ ಯಾರಾದರೂ ಲ್ಯಾಂಬಿಕ್ ಬಗ್ಗೆ ಕೇಳಿದಾಗ, ಅದು ಹೇಗೆ ಹುದುಗುತ್ತದೆ ಎಂಬುದನ್ನು ನಿಮ್ಮ ಅಜ್ಜನ ಮಡಕೆಯಿಂದಲೇ ಆರಂಭಿಸಿ ವಿವರಿಸಿ. ಅವರ ಹೆಸರನ್ನೂ ಹೇಳಿ.

ಪ್ರಶ್ನೆ: ಬಿಯರ್ ಕೆಟ್ಟಿದೆ ಎನಿಸಿದರೂ, ಬಲ್ಲವನಂತೆ ಮೆರೆಯುತ್ತಿದ್ದೇನೆ ಎಂದುಕೊ‍ಂಡಾರೆಂದು ಸುಮ್ಮನಿರುತ್ತೇನೆ. ದೋಷವನ್ನು ಗುರುತಿಸುವುದು ಹೇಗೆ? (ಭಟ್ಕಳ)

ಉತ್ತರ: ಸುಮ್ಮನಿರಬೇಡಿ. ನೀವು ದೂರುವುದು ಬಿಯರಿನ ಬಗ್ಗೆ, ಪಕ್ಕದವರ ರುಚಿಯ ಬಗ್ಗೆ ಅಲ್ಲ. ಲಾಗರಿನಲ್ಲಿ ಬೆಣ್ಣೆ ಸವರಿದಂಥ ವಾಸನೆ ಬಂದರೆ ಅದು ಡೈಅಸಿಟೈಲ್. ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ, ಇಲ್ಲವೇ ಬಾರಿನ ಕೊಳವೆಗಳು ಕೊಳೆಯಾಗಿವೆ. ಆ ಕೊಳವೆಗಳನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕೆಂಬುದು ಉದ್ಯಮದವರೇ ಒಪ್ಪಿದ ಶಿಸ್ತು. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್ ಹಳೆಯದಾಗಿ ಆಮ್ಲಜನಕಕ್ಕೆ ಸೋತಿದೆ, ಕರಾವಳಿಯ ಬಿಸಿಯಲ್ಲಿ ಇದು ಬೇಗ ಆಗುತ್ತದೆ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿಯ ಬಿಯರ್ ಕಮಟು ಹೊಡೆದರೆ ಅದಕ್ಕೆ ಬೆಳಕು ತಗಲಿದೆ. ಹಾಪ್ಸಿನ ಅಂಶ ಬೆಳಕಿನಲ್ಲಿ ಒಡೆದು ಗಂಧಕದ ಸಂಯುಕ್ತವಾಗುತ್ತದೆ, ಕಂದು ಗಾಜು ಅದನ್ನು ಬಹಳಮಟ್ಟಿಗೆ ತಡೆಯುತ್ತದೆ. ಬಾರಿನವರನ್ನು ಒಂದು ಬದಿಗೆ ಕರೆದು, ದೋಷ ಇಂಥದ್ದು ಎಂದು ಹೇಳಿ, ಬೇರೆ ಕೊಡಲು ಕೇಳಿ; ಮೇಜಿನ ಮೇಲೆ ಉಪನ್ಯಾಸ ಬೇಡ. ಅಂಗಡಿಯಲ್ಲಿ ಕೊಳ್ಳುವಾಗ ತಯಾರಿಕೆಯ ತಿಂಗಳು ನೋಡಿ, ಬಾಗಿಲ ಬಿಸಿಲಿಗೆ ಜೋಡಿಸಿಟ್ಟ ಸಾಲನ್ನು ಬಿಟ್ಟು, ಒಳಗಿನ ಮುಚ್ಚಿದ ಪೆಟ್ಟಿಗೆಯಿಂದ ತೆಗೆದುಕೊಡಲು ಹೇಳಿ.